ಕೊಸರಿಲ್ಲದ ಪೇಟೆಗಳು

ಕೆಂಗೇರಿ ಉಪನಗರದ ಮಕ್ಕಳು ಮ್ಯೂನಿಕ್, ನ್ಯೂಜೆರ್ಸಿ, ಟೋಕಿಯೊಗಳಲ್ಲಿ ಕೊಳ್ಳುವುದನ್ನು ಹೊಸದಾಗಿ ಕಲಿಯುವ ಬಗೆ

ಹದಿನೈದು ಲಕ್ಷದಷ್ಟು ಜನ ವಾಸಿಸುವ ಮ್ಯೂನಿಕ್ ಮಹಾನಗರದಲ್ಲಿ ಶನಿವಾರ ರಾತ್ರಿ ಎಂಟಕ್ಕೆ ಮುಚ್ಚಿದ ಅಂಗಡಿಗಳು ಮತ್ತೆ ತೆರೆಯುವುದು ಸೋಮವಾರ ಬೆಳಗ್ಗೆಯೇ. ನಡುವಿನ ಭಾನುವಾರ ಒಂದು ಪ್ಯಾಕೆಟ್ ಹಾಲು ಬೇಕಾದರೂ ರೈಲು ನಿಲ್ದಾಣದೊಳಗಿನ ಮಳಿಗೆಯನ್ನೋ ಪೆಟ್ರೋಲ್ ಬಂಕನ್ನೋ ಹುಡುಕಿಕೊಂಡು ಹೋಗಬೇಕು. ಬಂದ್ ಇಲ್ಲ, ನಿಷೇಧಾಜ್ಞೆ ಇಲ್ಲ, ಯಾರ ಪ್ರತಿಭಟನೆಯೂ ಇಲ್ಲ. ಜಗತ್ತಿನ ಅಗ್ರಗಣ್ಯ ಕೈಗಾರಿಕಾ ರಾಷ್ಟ್ರವೊಂದು ವಾರಕ್ಕೊಮ್ಮೆ ತನ್ನ ವ್ಯಾಪಾರವನ್ನು ತಾನಾಗಿಯೇ ಮಡಚಿಟ್ಟು ವಿಶ್ರಮಿಸುತ್ತದೆ. ಆ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೂ ಉಂಟು. 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನು ವಿರಾಮದ ದಿನವೆಂದು ಕಾಪಾಡಿತು. 1949ರ ಜರ್ಮನ್ ಮೂಲಶಾಸನ ಆ ವಿಧಿಯನ್ನು ಹಾಗೆಯೇ ತನ್ನೊಳಗೆ ಸೇರಿಸಿಕೊಂಡಿತು. ಇದರ ಬೇರು ಇನ್ನೂ ಆಳದಲ್ಲಿದೆ: ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರದ ಬಿಡುವಿಗೆ ರಾಜಾಜ್ಞೆ ಹೊರಡಿಸಿದ್ದು ಕ್ರಿ.ಶ. 321ರಲ್ಲಿ.

ಇತ್ತ ಕೆಂಗೇರಿ ಉಪನಗರದಲ್ಲಿ ಭಾನುವಾರವೆಂದರೆ ವ್ಯಾಪಾರದ ಪರ್ವಕಾಲ. ನಸುಕಿನಲ್ಲಿ ನಂದಿನಿ ಬೂತಿನ ಮುಂದೆ ಹಾಲಿನ ಕ್ರೇಟುಗಳು ಇಳಿಯುವಲ್ಲಿಂದ ಆರಂಭವಾದ ಕ್ರಯವಿಕ್ರಯ, ಸೊಪ್ಪಿನ ತಳ್ಳುಗಾಡಿಯ ಕೂಗು, ಹಾಪ್‌ಕಾಮ್ಸ್ ಮಳಿಗೆಯ ಹಣ್ಣು, ದಿನಸಿ ಅಂಗಡಿಯ ತಿಂಗಳ ಚೀಟಿ, ಸಂಜೆಯ ಹೂವಿನ ಬುಟ್ಟಿಗಳನ್ನೆಲ್ಲ ದಾಟಿ ರಾತ್ರಿ ಹತ್ತರವರೆಗೂ ನಡೆದಿರುತ್ತದೆ. ಇಲ್ಲಿ ಬೆಳೆದ ಹುಡುಗನೋ ಹುಡುಗಿಯೋ ಜರ್ಮನಿಗೆ ಹೋಗಿ ಮೊದಲ ಭಾನುವಾರ ಖಾಲಿ ಅಡುಗೆಮನೆಯಲ್ಲಿ ನಿಂತಾಗ ಆಗುವ ದಿಗ್ಭ್ರಮೆಗೆ ಹಸಿವಿನ ಪಾಲು ಕಡಿಮೆ. ದುಡ್ಡಿದ್ದರೂ ಕೊಳ್ಳಲಾಗದ ದಿನವೊಂದು ಇರಬಲ್ಲದೆಂಬ ಅರಿವಿನದೇ ಹೆಚ್ಚು. ಹೊರದೇಶದ ಬದುಕಿಗೆ ಒಗ್ಗುವ ಕಥೆಗಳಲ್ಲಿ ಚಳಿ, ಭಾಷೆ, ವೀಸಾಗಳಿಗೆ ದೊಡ್ಡ ಪಾತ್ರ ಸಿಗುತ್ತದೆ. ಪ್ರತಿದಿನದ ಪರೀಕ್ಷೆ ನಡೆಯುವುದು ಮಾತ್ರ ಅಂಗಡಿಯಲ್ಲಿ.

ಮಾತಿನ ಪೇಟೆ

ಮೈಸೂರು ರಸ್ತೆಯ ಮಗ್ಗುಲಲ್ಲಿ ಬೆಳೆದಿರುವ ಈ ಬಡಾವಣೆ ಇಂಥ ಕಥೆಗಳ ತವರಾಗಿರುವುದಕ್ಕೆ ಕಾರಣ ಸುತ್ತಲಿನ ಶಿಕ್ಷಣಸಂಸ್ಥೆಗಳು. 1963ರಲ್ಲಿ ಸ್ಥಾಪನೆಯಾದ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಇದೇ ರಸ್ತೆಯ ಮೇಲಿದೆ. ಉತ್ತರಹಳ್ಳಿ–ಕೆಂಗೇರಿ ಮುಖ್ಯರಸ್ತೆಯಲ್ಲಿ ಜೆಎಸ್ಎಸ್ ತಾಂತ್ರಿಕ ಶಿಕ್ಷಣ ಅಕಾಡೆಮಿ, ಬಿಜಿಎಸ್ ಆವರಣದಲ್ಲಿ ಎಸ್‌ಜೆಬಿ ತಾಂತ್ರಿಕ ಸಂಸ್ಥೆ, ಕುಂಬಳಗೋಡಿನ ಕಡೆಗೆ ಇನ್ನಷ್ಟು ಎಂಜಿನಿಯರಿಂಗ್ ಕಾಲೇಜುಗಳು. ಇಲ್ಲಿ ಪದವಿ ಮುಗಿಸಿದ ತಲೆಮಾರುಗಳು ಸ್ನಾತಕೋತ್ತರ ವ್ಯಾಸಂಗಕ್ಕೆಂದು, ಉದ್ಯೋಗಕ್ಕೆಂದು ಖಂಡಾಂತರ ಹೋಗುತ್ತ ಬಂದಿವೆ. ಉಪನಗರದ ಬೀದಿಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದು ಹಿರಿಯರಿಬ್ಬರೇ ಉಳಿದಿರುವ ಮನೆಗಳು ವಿರಳವಲ್ಲ. ಹೋದವರೆಲ್ಲ ಒಯ್ದದ್ದು ಈ ಬೀದಿಗಳ ಖರೀದಿಯ ಸಂಸ್ಕಾರವನ್ನೇ.

ಆ ಸಂಸ್ಕಾರದ ಜೀವಾಳ ಸಂಭಾಷಣೆ. ಸೊಪ್ಪಿನವಳು ಕಟ್ಟಿಗೆ ಇಪ್ಪತ್ತು ಎನ್ನುತ್ತಾಳೆ, ಕೊಳ್ಳುವವರು ಎರಡು ಕಟ್ಟಿಗೆ ಮೂವತ್ತು ಎನ್ನುತ್ತಾರೆ. 'ಬೋಣಿ ಟೈಮು ಅಕ್ಕ, ಬೇಡ ಅನ್ಬೇಡಿ' ಎಂಬ ಮಾತಿಗೆ ಇಬ್ಬರೂ ಸ್ವಲ್ಪ ಸ್ವಲ್ಪ ಸೋಲುತ್ತಾರೆ. ಕೊನೆಗೆ ಒಂದು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಕೊಸರಾಗಿ ಚೀಲಕ್ಕೆ ಬೀಳುತ್ತದೆ. ಹೂವಿನ ಮೊಳ ಮಾರುವವರ ಮೊಳಕೈಯ ಉದ್ದಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೂ ಟೇಪು ಹಿಡಿದು ಹೂ ಕೊಂಡವರನ್ನು ಯಾರೂ ಕಂಡಿಲ್ಲ. ಬೆಂಡೆಕಾಯಿಯ ತುದಿ ಮುರಿದು ಎಳಸನ್ನು ಪರೀಕ್ಷಿಸುವುದು, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೀರಿನ ಸದ್ದು ಆಲಿಸುವುದು ಕೊಳ್ಳುವವರ ಹಕ್ಕು. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದರೆ ದಿನಸಿ ಅಂಗಡಿಯ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಮನೆಯ ಹೆಸರಿನಡಿ ಇನ್ನೊಂದು ಸಾಲು ಸೇರುತ್ತದೆ. ಇಷ್ಟೆಲ್ಲದರ ಹಿಂದಿರುವ ಆಧಾರ ಒಂದೇ: ಮಾರುವವರು ಕೊಳ್ಳುವವರ ಮುಖ ಬಲ್ಲರು, ಕೊಳ್ಳುವವರು ಮಾರುವವರ ಮಾತನ್ನು ಬಲ್ಲರು.

ಪಶ್ಚಿಮದ ಮಳಿಗೆಯಲ್ಲಿ ಈ ಮುಖ, ಈ ಮಾತು ಎರಡೂ ಇಲ್ಲ. ಅಲ್ಲಿ ನಂಬಿಕೆ ಇಲ್ಲವೆಂದು ಕೆಲವರು ಅವಸರದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ವಾಸ್ತವದಲ್ಲಿ ನಂಬಿಕೆಯ ಭಾರವನ್ನು ಬೇರೆಯವರು ಹೊತ್ತಿದ್ದಾರೆ. ಬೆಲೆಚೀಟಿ, ರಸೀದಿ, ಕಪಾಟಿನ ಲೇಬಲ್ಲು, ಯಂತ್ರ, ಕಾನೂನು ಇವೆಲ್ಲ ಸೇರಿ ನಮ್ಮ ಸೊಪ್ಪಿನವಳ ಕೆಲಸವನ್ನು ಹಂಚಿಕೊಂಡಿವೆ. ಯಾವ ದೇಶದಲ್ಲಿ ಆ ಕೆಲಸವನ್ನು ಯಾರು ವಹಿಸಿಕೊಂಡಿದ್ದಾರೆಂದು ಕಂಡುಕೊಳ್ಳುವುದೇ ಪರದೇಶದಲ್ಲಿ ಕೊಳ್ಳಲು ಕಲಿಯುವ ವಿದ್ಯೆ.

ಕಡಲಾಚೆಯ ವ್ಯವಹಾರದ ಪ್ರಾಚೀನ ಪರಂಪರೆ

ಅಪರಿಚಿತ ಪೇಟೆಗೆ ಹೊಂದಿಕೊಳ್ಳುವ ಈ ಸಾಮರ್ಥ್ಯ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲಸ್ಥಾನವೆಂದು ಸಾರಿಕೊಂಡ 'ಅಯ್ಯಾವೊಳೆ ಐನೂರ್ವರು' ಎಂಬ ವಣಿಕರ ಮಹಾಸಂಘ ಮಧ್ಯಯುಗದ ದಕ್ಷಿಣ ಭಾರತದ ಅತಿ ಪ್ರಬಲ ವಾಣಿಜ್ಯಶಕ್ತಿಗಳಲ್ಲಿ ಒಂದು. ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ಜಲಮಾರ್ಗ, ಸ್ಥಲಮಾರ್ಗಗಳಲ್ಲಿ ಸಾಗಿಸುವ ತಮ್ಮ ಪರಾಕ್ರಮವನ್ನು ಈ ವರ್ತಕರು 11ನೇ ಶತಮಾನದ ಶಾಸನಗಳಲ್ಲಿ ವೀರಕಾವ್ಯದ ಗತ್ತಿನಲ್ಲಿ ಹೇಳಿಕೊಂಡಿದ್ದಾರೆ. ಕರ್ಪೂರಕ್ಕೆ ಹೆಸರಾದ ಸುಮಾತ್ರಾ ದ್ವೀಪದ ಬಾರೂಸ್ ಬಳಿ, ಲೋಬು ತುವಾ ಎಂಬಲ್ಲಿ, ಐನೂರ್ವರನ್ನು ಹೆಸರಿಸುವ 1088ರ ತಮಿಳು ಶಾಸನ ದೊರೆತಿದೆ. ಪರಸ್ಥಳದ ತೂಕ, ಪರಸ್ಥಳದ ನಾಣ್ಯ, ಪರಸ್ಥಳದ ರೂಢಿಗಳನ್ನು ಅರಿಯದವರಿಗೆ ಆ ದಡದಲ್ಲಿ ಕಲ್ಲು ನೆಡುವಷ್ಟು ನೆಲೆ ಸಿಗುತ್ತಿರಲಿಲ್ಲ.

ನಮ್ಮ ಪೇಟೆಗಳನ್ನು ಕಂಡು ಬೆರಗಾಗುವ ಸರದಿ ಹೊರಗಿನವರದೂ ಆಗಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಮಾಣಿಕ್ಯ, ಮುತ್ತುಗಳನ್ನು ವರ್ತಕರು ಬಯಲಂಗಡಿಯಲ್ಲೇ ಹರಡಿ ಮಾರುವುದನ್ನು ವಿಸ್ಮಯದಿಂದ ದಾಖಲಿಸಿದ. ಕೆಂಗೇರಿಗೂ ಇಂಥ ಒಬ್ಬ ಪರದೇಶಿ ಬಂದಿದ್ದ. ರೇಷ್ಮೆಹುಳು ಸಾಕಣೆಯೇ ಸುತ್ತಲಿನವರ ಕಸುಬಾಗಿದ್ದ ಈ ಊರಿನಲ್ಲಿ 1866ರಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಉಗಿಯಂತ್ರದಿಂದ ನಡೆಯುವ ರೇಷ್ಮೆ ನೂಲು ಬಿಚ್ಚಾಣಿಕೆಯ ಕಾರ್ಖಾನೆ ತೆರೆದ. ರೋಗಕ್ಕೆ ತುತ್ತಾಗಿ ನಶಿಸುತ್ತಿದ್ದ ಹುಳುವಿನ ತಳಿಯನ್ನು ಸುಧಾರಿಸಲು ಜಪಾನಿನಿಂದ ಮೊಟ್ಟೆಗಳನ್ನು ತರಿಸುವ ಸಾಹಸವನ್ನೂ ಮಾಡಿದ. ಇಟಲಿಯ ಉದ್ಯಮಿ, ಜಪಾನಿನ ಮೊಟ್ಟೆ, ಕೆಂಗೇರಿಯ ಹಿಪ್ಪುನೇರಳೆ ಸೊಪ್ಪು: ಮೆಟ್ರೊ ಬರುವುದಕ್ಕೆ ಒಂದೂವರೆ ಶತಮಾನ ಮೊದಲೇ ಊರು ಜಗತ್ತಿನ ಪೇಟೆಯೊಂದಿಗೆ ಬೆಸೆದುಕೊಂಡಿತ್ತು.

ಚೌಕಾಸಿ ಎಲ್ಲಿ ಮರೆಯಾಯಿತು?

ಹೊರದೇಶದಲ್ಲಿ ಚೌಕಾಸಿ ಇಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದು ಅಲ್ಲಿ ಮೊದಲಿನಿಂದಲೂ ಇರಲಿಲ್ಲವೆಂಬುದು ಮಾತ್ರ ತಪ್ಪು ಗ್ರಹಿಕೆ. ಲಂಡನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಶತಮಾನಗಳ ಕಾಲ ಬೆಲೆ ತೀರ್ಮಾನವಾಗುತ್ತಿದ್ದುದು ಮಾತಿನಿಂದಲೇ. ನಿಗದಿತ ಬೆಲೆಯ ಅತಿ ಹಿರಿಯ ಪ್ರಯೋಗಗಳಲ್ಲಿ ಒಂದು ನಡೆದದ್ದು ಪೂರ್ವದಲ್ಲಿ. ಇಂದು ಟೋಕಿಯೊ ಎನಿಸಿಕೊಂಡಿರುವ ಎಡೊ ನಗರದಲ್ಲಿ 1673ರಲ್ಲಿ ಮಿತ್ಸುಯಿ ತಕತೋಶಿ ಎಂಬ ವರ್ತಕ ಎಚಿಗೋಯಾ ಎಂಬ ಬಟ್ಟೆ ಅಂಗಡಿ ತೆರೆದು, ನಗದು ಮಾತ್ರ, ಎಲ್ಲರಿಗೂ ಒಂದೇ ದರ ಎಂಬ ಕ್ರಮವನ್ನು ಜಾರಿಗೆ ತಂದ. ಸಾಲ ಬರೆದುಕೊಂಡು ಕೊಳ್ಳುವವರ ಅಂತಸ್ತಿಗೆ ತಕ್ಕ ಬೆಲೆ ಹೇಳುತ್ತಿದ್ದ ಸಮಾಜಕ್ಕೆ ಅದು ಕ್ರಾಂತಿಯೇ ಸರಿ. ಅದೇ ಅಂಗಡಿ ಬೆಳೆದು ಇಂದಿನ ಮಿತ್ಸುಕೋಶಿ ಆಗಿದೆ. ಅದೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ಚೌಕಾಸಿಯನ್ನು ಸುಳ್ಳಾಡುವಿಕೆಯೆಂದು ಬಗೆದು ಒಂದೇ ಬೆಲೆ ಹೇಳತೊಡಗಿದರು. 19ನೇ ಶತಮಾನದ ಮಧ್ಯದಲ್ಲಿ ಪ್ಯಾರಿಸ್ಸಿನ ಬಾನ್ ಮಾರ್ಷೆ ಮಳಿಗೆಯನ್ನು ಕಟ್ಟಿದ ಆರಿಸ್ಟೀಡ್ ಬುಸಿಕೊ, 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಭವ್ಯ ಮಳಿಗೆ ತೆರೆದ ಜಾನ್ ವಾನಮೇಕರ್ ಇದನ್ನೇ ಬೃಹತ್ ಪ್ರಮಾಣದಲ್ಲಿ ವಿಸ್ತರಿಸಿದರು. ನಮ್ಮ ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ನೇತಾಡುವ 'ಒಂದೇ ದರ' ಫಲಕಗಳು ಈ ದೀರ್ಘ ಪರಂಪರೆಯ ಕುಡಿಗಳು. ಫಲಕದ ಅಡಿಯಲ್ಲೇ 'ಕೊನೇ ರೇಟು ಹೇಳಿ' ಎನ್ನುವ ಗ್ರಾಹಕರು ಇನ್ನೊಂದು, ಅದಕ್ಕಿಂತ ಹಳೆಯ ಪರಂಪರೆಯವರು.

ಸಾಮಾನನ್ನು ತಾನೇ ಎತ್ತಿಕೊಳ್ಳುವ ಪದ್ಧತಿಗಂತೂ ವಯಸ್ಸು ತೀರ ಕಡಿಮೆ. 1916ರವರೆಗೆ ಅಮೆರಿಕದ ಕಿರಾಣಿ ಅಂಗಡಿಯಲ್ಲೂ ಗಿರಾಕಿ ಕಟ್ಟೆಯ ಈಚೆ ನಿಂತು ಚೀಟಿ ಕೊಡುತ್ತಿದ್ದ, ಗುಮಾಸ್ತ ಅಳೆದು ಪೊಟ್ಟಣ ಕಟ್ಟುತ್ತಿದ್ದ. ಕೆಂಗೇರಿಯ ಯಾವುದೇ ಹಳೆಯ ದಿನಸಿ ಅಂಗಡಿಯಲ್ಲಿ ಈಗಲೂ ಕಾಣುವ ನೋಟ ಅದು. ಆ ವರ್ಷ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದು ಕಪಾಟುಗಳನ್ನು ಗಿರಾಕಿಗಳಿಗೆ ಒಪ್ಪಿಸಿದ. 1937ರಲ್ಲಿ ಓಕ್ಲಹೋಮಾ ನಗರದ ಸಿಲ್ವನ್ ಗೋಲ್ಡ್‌ಮನ್ ತಳ್ಳುಬುಟ್ಟಿಯನ್ನು ಬಳಕೆಗೆ ತಂದ. 1974ರ ಜೂನ್ 26ರಂದು ಓಹಾಯೊ ರಾಜ್ಯದ ಟ್ರಾಯ್ ಊರಿನ ಮಳಿಗೆಯೊಂದರಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣದ ಮೇಲಿದ್ದ ಬಾರ್‌ಕೋಡ್ ಮೊದಲ ಬಾರಿಗೆ ಸ್ಕ್ಯಾನ್ ಆಯಿತು. ಹೀಗೆ ಅರವತ್ತು ವರ್ಷಗಳೊಳಗೆ ಅಂಗಡಿಯಿಂದ ಅಂಗಡಿಯವರೇ ಹಿಂದೆ ಸರಿದುಬಿಟ್ಟರು.

ಆಧುನಿಕತೆ ಎಲ್ಲದರಲ್ಲೂ ಪಶ್ಚಿಮದಿಂದಲೇ ಬಂತೆಂದು ಭಾವಿಸುವವರಿಗೆ ನಾಣ್ಯದ ಇತಿಹಾಸ ಸ್ವಾರಸ್ಯಕರ. ಭಾರತ 1957ರ ಏಪ್ರಿಲ್ 1ರಂದೇ ಆಣೆ, ಪೈಗಳನ್ನು ಬಿಟ್ಟು ರೂಪಾಯಿಗೆ ನೂರು ನಯಾಪೈಸೆ ಎಂದಿತು. ಅದರ ಬೆನ್ನಿಗೇ ಸೇರು, ಪಾವು, ಚಟಾಕುಗಳ ಜಾಗಕ್ಕೆ ಕಿಲೊ, ಲೀಟರು ಬಂದವು. ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾದದ್ದು 1971ರ ಫೆಬ್ರವರಿ 15ರಂದು. ಅರವತ್ತರ ದಶಕದಲ್ಲಿ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೋದ ಮೈಸೂರು ಸೀಮೆಯ ವಿದ್ಯಾರ್ಥಿ ಹನ್ನೆರಡು ಪೆನ್ಸಿಗೊಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೊಂದು ಪೌಂಡ್ ಎಂಬ ಮಗ್ಗಿಗೆ ಹಿಂದಿರುಗಬೇಕಾಗಿತ್ತು. ಸಾಮ್ರಾಜ್ಯದ ರಾಜಧಾನಿಗಿಂತ ಕೆಂಗೇರಿಯ ಅಂಗಡಿಯ ಲೆಕ್ಕ ಸರಳವಾಗಿದ್ದ ಹದಿನಾಲ್ಕು ವರ್ಷಗಳವು. ಅಮೆರಿಕಕ್ಕೆ ಹೋದವರು ಈಗಲೂ ಪೌಂಡು, ಔನ್ಸು, ಗ್ಯಾಲನ್ನುಗಳ ಲೋಕದಲ್ಲಿ ಮೂರು ಮುಕ್ಕಾಲು ಲೀಟರಿನ ಹಾಲಿನ ಡಬ್ಬಿಯನ್ನು ಎತ್ತಿ ತರುತ್ತಾರೆ.

ಪೊಟ್ಟಣದ ಮೇಲೆ ಬೆಲೆಯೇ ಇಲ್ಲ

ಇಂದಿನ ಸ್ಥಿತಿಗೆ ಬಂದರೆ, ಅಮೆರಿಕದಲ್ಲಿ ಇಳಿದ ಕನ್ನಡಿಗರು ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ಹುಡುಕುವುದು ಅಲ್ಲಿ ಇಲ್ಲದ ಒಂದು ಮುದ್ರೆಯನ್ನು: ಎಂಆರ್‌ಪಿ. ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಪೊಟ್ಟಣದ ಮೇಲೆಯೇ ಅಚ್ಚುಹಾಕಬೇಕೆಂಬ ಕಾನೂನು ಜಗತ್ತಿನಲ್ಲಿ ವಿರಳ. ತೊಂಬತ್ತರ ದಶಕದಿಂದ ಅದರ ನೆರಳಿನಲ್ಲಿ ಬೆಳೆದವರಿಗೆ ಅದು ಪ್ರಕೃತಿನಿಯಮದಂತೆ ಸಹಜ. ಅಲ್ಲಿ ಒಂದೇ ಬಿಸ್ಕತ್ತಿಗೆ ಒಂದು ಬೀದಿಯಲ್ಲಿ ಒಂದು ಬೆಲೆ, ಪಕ್ಕದ ಬೀದಿಯಲ್ಲಿ ಇನ್ನೊಂದು. ಸಾಲದೆಂಬಂತೆ ಅನೇಕ ವಸ್ತುಗಳ ಕಪಾಟಿನ ಬೆಲೆಗೂ ಬಿಲ್ಲಿನ ಮೊತ್ತಕ್ಕೂ ತಾಳೆಯಾಗುವುದಿಲ್ಲ, ಏಕೆಂದರೆ ಮಾರಾಟ ತೆರಿಗೆ ಸೇರುವುದು ಗಲ್ಲೆಯ ಬಳಿ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬರಿದಾದ ಬೊಕ್ಕಸ ತುಂಬಿಸಲು ಒಂದೊಂದೇ ರಾಜ್ಯ ಹೇರಿಕೊಂಡ ತೆರಿಗೆ ಅದು. ಹಾಗಾಗಿ ದರವೂ ರಾಜ್ಯಕ್ಕೊಂದು. ನ್ಯೂಜೆರ್ಸಿಯಲ್ಲಿ ಶೇ 6.625, ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಶೇ 7.25, ಆರೆಗಾನ್‌ನಲ್ಲಿ ಸೊನ್ನೆ. ಇಂಟೆಲ್ ಸಂಸ್ಥೆಯ ಬೃಹತ್ ಆವರಣಗಳಿರುವ ಆರೆಗಾನ್‌ನ ಹಿಲ್ಸ್‌ಬರೋದಲ್ಲಿ ನೆಲೆಸಿದವರಿಗೆ ಚೀಟಿಯ ಬೆಲೆಯೇ ಕೊಡುವ ಬೆಲೆ. ಅಲ್ಲಿಂದ ಬೇರೆ ರಾಜ್ಯಕ್ಕೆ ಹೋದಾಗಲೇ ಆ ಭಾಗ್ಯದ ಅರಿವಾಗುವುದು.

ಅಮೆರಿಕದ ಪೇಟೆ ಕೊಡುವ ಅತಿ ದೊಡ್ಡ ಸೋಜಿಗವೆಂದರೆ ಹಿಂದಿರುಗಿಸುವ ಸೌಲಭ್ಯ. 'ಒಮ್ಮೆ ಮಾರಿದ ಸಾಮಾನನ್ನು ವಾಪಸ್ ಪಡೆಯುವುದಿಲ್ಲ' ಎಂಬ ಫಲಕದಡಿ ಬೆಳೆದವರಿಗೆ, ಬಿಚ್ಚಿ ಬಳಸಿದ ವಸ್ತುವನ್ನೂ ರಸೀದಿ ತೋರಿಸಿ ಮರಳಿಸಿದರೆ ಪ್ರಶ್ನೆಯಿಲ್ಲದೆ ಹಣ ಕೈಸೇರುವುದು ಮೊದಮೊದಲು ಸಂಕೋಚವನ್ನೇ ತರುತ್ತದೆ. ಇದರ ಹುಟ್ಟೂ ಕುತೂಹಲಕರ. ಅಂಚೆಯ ಮೂಲಕ ಸರಕು ಮಾರಲು 1872ರಲ್ಲಿ ಆರಂಭವಾದ ಮಾಂಟ್‌ಗಮರಿ ವಾರ್ಡ್ ಸಂಸ್ಥೆಗೆ ತನ್ನ ಗಿರಾಕಿಗಳ ಮುಖವೇ ಗೊತ್ತಿರಲಿಲ್ಲ, ದೂರದ ಹಳ್ಳಿಯ ರೈತರಿಗೆ ಅಂಗಡಿಯೂ ಕಾಣುತ್ತಿರಲಿಲ್ಲ. 1875ರಲ್ಲಿ ಅದು ಮೆಚ್ಚದಿದ್ದರೆ ಹಣ ವಾಪಸ್ ಎಂದು ಘೋಷಿಸಿತು. ಮುಖಪರಿಚಯವಿಲ್ಲದ ಕಡೆ ಭರವಸೆಯನ್ನು ಕಾಗದದ ಮೇಲೆ ಬರೆದುಕೊಡಬೇಕಾಯಿತು. ನಮ್ಮಲ್ಲಿ ಹುಳುಕು ಬದನೆಕಾಯಿಯನ್ನು ಮರುದಿನ ತಳ್ಳುಗಾಡಿಯವನಿಗೆ ತೋರಿಸಿದರೆ ಸಿಗುವ ಎರಡು ಹೊಸ ಬದನೆಕಾಯಿಗಳೂ ಅದೇ ಭರವಸೆಯೇ, ಕಾಗದವಷ್ಟೇ ಇಲ್ಲ.

ಯುರೋಪಿನ ಶಿಸ್ತು ಬೇರೆ ಬಗೆಯದು. ಜರ್ಮನಿಯ ಅಗ್ಗದ ದರದ ಮಳಿಗೆಗಳಲ್ಲಿ ಕುಳಿತೇ ಬಿಲ್ ಹಾಕುವ ಸಿಬ್ಬಂದಿಯ ವೇಗಕ್ಕೆ ಗಿರಾಕಿ ಬೆವರಬೇಕು. ಚೀಲ ತಮ್ಮದು, ತುಂಬಿಕೊಳ್ಳುವ ಕೆಲಸವೂ ತಮ್ಮದು. ತಳ್ಳುಬುಟ್ಟಿಯ ಬೀಗ ಬಿಡಿಸಲು ಒಂದು ಯೂರೊ ನಾಣ್ಯ ಸಿಕ್ಕಿಸಬೇಕು, ಬುಟ್ಟಿಯನ್ನು ಮರಳಿ ಸಾಲಿಗೆ ಸೇರಿಸಿದರೆ ನಾಣ್ಯ ಮರಳುತ್ತದೆ. ನೀರು, ತಂಪುಪಾನೀಯದ ಬಾಟಲಿಗೆ 25 ಸೆಂಟ್ ಠೇವಣಿ. 2003ರಿಂದ ಒಮ್ಮೆ ಬಳಸುವ ಬಾಟಲಿಗಳಿಗೂ ಕಡ್ಡಾಯವಾದ ಈ ಪದ್ಧತಿಯಲ್ಲಿ ಖಾಲಿ ಬಾಟಲಿಯನ್ನು ಮಳಿಗೆಯ ಯಂತ್ರದ ಬಾಯಿಗೆ ಹಾಕಿದರೆ ಚೀಟಿ ಬರುತ್ತದೆ, ಚೀಟಿಯ ಮೊತ್ತ ಬಿಲ್ಲಿನಲ್ಲಿ ಕಳೆಯುತ್ತದೆ. ಗೋಲಿ ಸೋಡಾ ಕುಡಿದು ಬಾಟಲಿಯನ್ನು ಅಂಗಡಿಗೇ ಮರಳಿಸಿದ, ಹಳೇ ಪೇಪರಿನವನಿಗೆ ಖಾಲಿ ಶೀಷೆ ಕೊಟ್ಟು ಪುಡಿಗಾಸು ಎಣಿಸಿದ ಹಿರಿಯರು ಇದನ್ನು ಅರ್ಧ ದಿನದಲ್ಲಿ ಕಲಿಯುತ್ತಾರೆ. ಪೇಚಾಡುವವರು ಮಕ್ಕಳೇ. ಬಟ್ಟೆ ಚೀಲದ ವಿಷಯದಲ್ಲೂ ಅದೇ. ಇಂಗ್ಲೆಂಡ್ 2015ರಲ್ಲಿ ದೊಡ್ಡ ಮಳಿಗೆಗಳ ಪ್ಲಾಸ್ಟಿಕ್ ಚೀಲಕ್ಕೆ ಶುಲ್ಕ ವಿಧಿಸಿತು, ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿತು, ಜಪಾನ್ 2020ರ ಜುಲೈನಿಂದ ದರ ಕಟ್ಟಿತು. ಇವೆಲ್ಲವುಗಳಿಗೆ ದಶಕಗಳ ಮೊದಲೇ ನಮ್ಮ ಅಜ್ಜಿಯರ ಕೈಯಲ್ಲಿ ವೈರ್ ಬುಟ್ಟಿ ಇತ್ತು.

ಇಟಲಿಯಲ್ಲಿ ಮಾತ್ರ ಅಜ್ಜಿಯರ ವಿದ್ಯೆಗೆ ಕಡಿವಾಣ. ಅಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಹಣ್ಣು ತರಕಾರಿ ಮುಟ್ಟುವ ಮೊದಲು ತೆಳು ಕೈಗವಸು ತೊಡಬೇಕು, ತಾವೇ ತೂಗಿ ಚೀಟಿ ಅಂಟಿಸಬೇಕು. ಬೆಂಡೆಕಾಯಿಯ ತುದಿ ಮುರಿಯುವುದನ್ನು ಅಲ್ಲಿ ಊಹಿಸುವುದೂ ಬೇಡ. ದೊಡ್ಡ ಮಳಿಗೆಗಳನ್ನು ಬಿಟ್ಟು ಬೀದಿಯ ಸಂತೆಗಳಿಗೆ ಹೋದರೆ ಫ್ರಾನ್ಸ್, ಇಟಲಿಗಳಲ್ಲಿ ವ್ಯಾಪಾರಿಗಳೇ ಗಿರಾಕಿಗಳಿಗಾಗಿ ಹಣ್ಣು ಆರಿಸಿಕೊಡುತ್ತಾರೆ. ಇವತ್ತಿಗೋ ನಾಳೆಗೋ ಎಂದು ಕೇಳಿ ಅದಕ್ಕೆ ತಕ್ಕ ಪಕ್ವತೆಯದನ್ನೇ ಕೊಡುವವರೂ ಉಂಟು. ಪರೀಕ್ಷಿಸುವ ಅಧಿಕಾರವನ್ನು ಮಾರುವವರಿಗೆ ಒಪ್ಪಿಸುವುದು ಭಾರತೀಯ ಗೃಹಿಣಿಗೆ ಸುಲಭವಲ್ಲ. ಒಪ್ಪಿಸಿದ ಮೇಲೆ ಅದರಲ್ಲೊಂದು ಸುಖವಿದೆ ಎಂದು ಹೇಳುವವರ ಸಂಖ್ಯೆಯೂ ಕಡಿಮೆಯಲ್ಲ.

ಜಪಾನಿನ ಸೌಜನ್ಯಕ್ಕೆ ಸಾಟಿಯಿಲ್ಲ. ಭಾರತೀಯ ತಂತ್ರಜ್ಞರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಟೋಕಿಯೊದ ನಿಶಿ–ಕಸಾಯಿ ಪ್ರದೇಶದಲ್ಲೂ ಹಣವನ್ನು ಕೈಯಿಂದ ಕೈಗೆ ಕೊಡುವುದು ರೂಢಿಯಲ್ಲ. ಗಲ್ಲೆಯ ಮೇಲಿರುವ ಪುಟ್ಟ ತಟ್ಟೆಯಲ್ಲಿ ಇಡಬೇಕು, ಚಿಲ್ಲರೆಯೂ ಅದೇ ತಟ್ಟೆಯ ಮೂಲಕ ನೋಟು ನೋಟಾಗಿ ಎಣಿಸಿ ಬರುತ್ತದೆ. ಸಂಜೆ ಕಳೆದಂತೆ ಸಿದ್ಧ ಆಹಾರದ ಡಬ್ಬಿಗಳ ಮೇಲೆ ರಿಯಾಯಿತಿಯ ಚೀಟಿ ಬೀಳುತ್ತದೆ, ಮಳಿಗೆ ಮುಚ್ಚುವ ಹೊತ್ತಿಗೆ ಅದು ಅರ್ಧ ಬೆಲೆ. ಚೌಕಾಸಿ ಇಲ್ಲದ ನಾಡಿನಲ್ಲೂ ಕಾಯುವ ತಾಳ್ಮೆಗೆ ಪ್ರತಿಫಲವಿದೆ. ಕೆಂಗೇರಿಯಲ್ಲಿ ಕತ್ತಲಾದ ಮೇಲೆ ತಳ್ಳುಗಾಡಿಯ ಬಳಿ ಹೋಗುವವರಿಗೆ ಈ ಗುಟ್ಟನ್ನು ಯಾರೂ ಹೇಳಿಕೊಡಬೇಕಿಲ್ಲ.

ಕೊಲ್ಲಿ ರಾಷ್ಟ್ರಗಳದು ಮಧ್ಯಮ ಮಾರ್ಗ. ದುಬೈಯ ದೇರಾದಲ್ಲಿರುವ ಚಿನ್ನದ ಪೇಟೆಯಲ್ಲಿ ಅಂದಂದಿನ ಚಿನ್ನದ ದರ ಎಲ್ಲ ಅಂಗಡಿಗಳಿಗೂ ಒಂದೇ, ಮಾತುಕತೆಗೆ ಒಳಪಡುವುದು ಮಜೂರಿ ಮಾತ್ರ. ಅವೆನ್ಯೂ ರಸ್ತೆಯ ಒಡವೆ ಅಂಗಡಿಗಳಲ್ಲಿ ಪಳಗಿದವರು ಅಲ್ಲಿ ಅನ್ಯರೆನಿಸುವುದಿಲ್ಲ. 2018ರ ಜನವರಿಯಲ್ಲಿ ಜಾರಿಗೆ ಬಂದ ಶೇ 5ರ ವ್ಯಾಟ್ ತೆರಿಗೆಯೊಂದೇ ಹೊಸ ಸೇರ್ಪಡೆ.

ಸೋನಾ ಮಸೂರಿಗೆ ಸಾಲು ನಿಂತ ದಿನ

ಪರದೇಶದ ಪದ್ಧತಿಗಳಿಗೆ ಹೊಂದಿಕೊಂಡವರ ಒಳಗೆ ಊರಿನ ಪೇಟೆ ಎಷ್ಟು ಜಾಗೃತವಾಗಿದೆ ಎಂಬುದಕ್ಕೆ 2023ರ ಜುಲೈ ಸಾಕ್ಷಿ. ಆ ತಿಂಗಳ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಸುದ್ದಿ ಹಬ್ಬುತ್ತಿದ್ದಂತೆ ಅಮೆರಿಕದ ಭಾರತೀಯ ದಿನಸಿ ಅಂಗಡಿಗಳ ಮುಂದೆ ಸೋನಾ ಮಸೂರಿ ಅಕ್ಕಿಯ ಚೀಲಗಳಿಗಾಗಿ ಸಾಲುಗಳು ಬೆಳೆದವು, ಕಪಾಟುಗಳು ಬರಿದಾದವು, ಒಂದು ಕುಟುಂಬಕ್ಕೆ ಒಂದೇ ಚೀಲ ಎಂಬ ಸೂಚನೆಗಳು ಬಾಗಿಲಿನಲ್ಲಿ ಕಾಣಿಸಿಕೊಂಡವು. ಅಚ್ಚುಕಟ್ಟಾಗಿ ಕೂಪನ್ ಹಿಡಿದು, ರಸೀದಿ ಕಾದಿಟ್ಟು ಕೊಳ್ಳುವುದನ್ನು ರೂಢಿಸಿಕೊಂಡಿದ್ದ ಎಂಜಿನಿಯರುಗಳು ಪಡಿತರದ ಕಾಲದ ಹಿರಿಯರಂತೆ ಎರಡೆರಡು ಅಂಗಡಿ ಸುತ್ತಿದರು. ಅನ್ನದ ವಿಷಯದಲ್ಲಿ ಹೊಂದಾಣಿಕೆಗೂ ಒಂದು ಮಿತಿಯಿದೆ. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ.

ಇಂಥ ಭಾರತೀಯ ಅಂಗಡಿಗಳದೇ ಒಂದು ಭವ್ಯ ಚರಿತ್ರೆ. 1965ರ ವಲಸೆ ಕಾಯ್ದೆ ಅಮೆರಿಕದ ಬಾಗಿಲನ್ನು ಏಷ್ಯಾದವರಿಗೆ ತೆರೆಯಿತು. ಹಾಗೆ ಹೋದ ಮೊದಲ ತಲೆಮಾರಿನವರಿಗೆ ತೊಗರಿಬೇಳೆ, ಇಂಗುಗಳೇ ಅಪರೂಪದ ನಿಧಿ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂವಿನಲ್ಲಿ 1944ರಿಂದ ಇದ್ದ ಕಲುಸ್ತ್ಯನ್ಸ್ ಎಂಬ ಆರ್ಮೇನಿಯನ್ ಮೂಲದ ಅಂಗಡಿಯೇ ಅನೇಕರಿಗೆ ಮಸಾಲೆಯ ತೀರ್ಥಕ್ಷೇತ್ರವಾಗಿತ್ತು. 1974ರಲ್ಲಿ ಶಿಕಾಗೊದ ಡೆವನ್ ಅವೆನ್ಯೂವಿನಲ್ಲಿ ಪಟೇಲ್ ಬ್ರದರ್ಸ್ ಆರಂಭವಾದ ಮೇಲೆ ಚಿತ್ರ ಬದಲಾಯಿತು. ಇಂದು ನ್ಯೂಜೆರ್ಸಿಯ ಎಡಿಸನ್ ಬಳಿಯ ಓಕ್ ಟ್ರೀ ರಸ್ತೆಯಲ್ಲಿ ನಡೆದರೆ ರಾಜಾಜಿನಗರದ ಯಾವುದೋ ಅಡ್ಡರಸ್ತೆಗೆ ಬಂದಂತೆನಿಸುತ್ತದೆ. ಅಮೆರಿಕದ ಬದುಕನ್ನು ಕನ್ನಡಿಗರಿಗೆ ಕಣ್ಣಾರೆ ಕಾಣಿಸಿ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಬಂದ ಕಾಲದಲ್ಲಿ ಈ ಸಮೃದ್ಧಿ ಇನ್ನೂ ಅಂಬೆಗಾಲಿಡುತ್ತಿತ್ತು.

ಆದರೂ ಕನ್ನಡದ ಅಡುಗೆಮನೆಗೆ ಬೇಕಾದದ್ದೆಲ್ಲ ಆ ಕಪಾಟುಗಳಲ್ಲಿ ಕನ್ನಡದ ಹೆಸರಿನಿಂದ ಸಿಗುವುದಿಲ್ಲ. ಹಿದಕಿದ ಅವರೆಬೇಳೆ ಸಾರಿನ ಆಸೆಯಾದರೆ ಶೀತಲಪೆಟ್ಟಿಗೆಯಲ್ಲಿರುವ 'ಸುರ್ತಿ ಪಾಪ್ಡಿ ಲಿಲ್ವಾ' ಎಂಬ ಗುಜರಾತಿ ಹೆಸರಿನ ಪೊಟ್ಟಣವನ್ನು ಎತ್ತಿಕೊಳ್ಳಬೇಕೆಂಬುದು ಕನ್ನಡ ಕೂಟಗಳಲ್ಲಿ ಬಾಯಿಂದ ಬಾಯಿಗೆ ದಾಟಿ ಬಂದ ಜ್ಞಾನ. ಬಾಳೆಎಲೆ ಮೆಕ್ಸಿಕನ್ ಅಥವಾ ಥಾಯ್ ಅಂಗಡಿಯಲ್ಲಿ, ಹೆಪ್ಪುಗಟ್ಟಿಸಿದ ತೆಂಗಿನತುರಿ ಕೇರಳದವರ ಅಂಗಡಿಯಲ್ಲಿ. ಯುಗಾದಿಯ ಬೇವಿಗೆ, ಗೌರಿಹಬ್ಬದ ಬಾಗಿನಕ್ಕೆ, ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ವಾಟ್ಸ್ಆಪ್ ಗುಂಪುಗಳಲ್ಲಿ ವಾರಗಟ್ಟಲೆ ಮಂತ್ರಾಲೋಚನೆ ನಡೆಯುತ್ತದೆ. ಇನ್ನು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಂಟಿಆರ್ ಪರಂಪರೆಯ ರವೆ ಇಡ್ಲಿ ಮಿಶ್ರಣ, ಬಿಸಿಬೇಳೆಬಾತ್ ಪೊಟ್ಟಣಗಳು ಎಲ್ಲ ಖಂಡಗಳಲ್ಲೂ ಲಭ್ಯ. ಎಂಟಿಆರ್ ಫುಡ್ಸ್ 2007ರಿಂದ ನಾರ್ವೆಯ ಓರ್ಕ್ಲಾ ಸಮೂಹದ ಒಡೆತನದಲ್ಲಿದೆ. ಆಸ್ಲೊದಲ್ಲಿ ರವೆ ಇಡ್ಲಿ ತಿನ್ನುವ ಕನ್ನಡಿಗರು ಒಂದರ್ಥದಲ್ಲಿ ಸ್ಥಳೀಯ ಉದ್ಯಮಕ್ಕೇ ಪ್ರೋತ್ಸಾಹ ಕೊಡುತ್ತಿದ್ದಾರೆ!

ಉಪನಗರವೂ ಬದಲಾಗಿದೆ

ಹೋದವರು ರಜೆಗೆಂದು ಮರಳುವಾಗ ಊರು ನಿಂತಲ್ಲೇ ನಿಂತಿರುವುದಿಲ್ಲ. 2007ರಲ್ಲಿ ತನ್ನ ಪುರಸಭೆಯನ್ನು ಕಳೆದುಕೊಂಡು ಬಿಬಿಎಂಪಿಗೆ ಸೇರಿದ ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಬಂತು. 2023ರ ಅಕ್ಟೋಬರಿನಲ್ಲಿ ಅದು ಚಲ್ಲಘಟ್ಟದವರೆಗೆ ಮುಂದುವರಿಯಿತು. ಸೂಪರ್ ಮಾರ್ಕೆಟ್ಟಿನ ತಳ್ಳುಬುಟ್ಟಿ ಇಲ್ಲೂ ಸಾಮಾನ್ಯ. ಹತ್ತು ನಿಮಿಷದಲ್ಲಿ ಕೊತ್ತಂಬರಿ ತಲುಪಿಸುವ ಆ್ಯಪುಗಳ ಸವಾರರು ಬೀದಿ ಬೀದಿಯಲ್ಲಿ ಕಾಣುತ್ತಾರೆ. ವಾರದ ರಜೆಯ ನಿಯಮವಿದ್ದ 1961ರ ಅಂಗಡಿ ಕಾಯ್ದೆಯ ನಾಡಿನಲ್ಲಿ, 2021ರ ಜನವರಿಯಿಂದ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ಹಗಲಿರುಳೂ ತೆರೆದಿರಲು ಅನುಮತಿ ಸಿಕ್ಕಿತು. ಜರ್ಮನಿ ಭಾನುವಾರವನ್ನು ಕಾಪಾಡುತ್ತಿರುವ ಹೊತ್ತಿಗೇ ಇಲ್ಲಿ ರಾತ್ರಿಯೂ ಪೇಟೆಗೆ ಸೇರಿಹೋಗಿದೆ. ಯಾವುದು ನಾಗರಿಕತೆಯ ಮುನ್ನಡೆ ಎಂದು ಕೇಳಿದರೆ ಈ ಲೇಖನ ಜರ್ಮನರ ಕಡೆಗೆ ತುಸು ವಾಲುತ್ತದೆ.

ಪಾವತಿಯಲ್ಲಿ ಮಾತ್ರ ಉಪನಗರವೇ ಮುಂದು. 2016ರಲ್ಲಿ ಆರಂಭವಾದ ಯುಪಿಐ ಇಂದು ಹೂವಿನ ಬುಟ್ಟಿಯವರೆಗೂ ತಲುಪಿದೆ. ಬರ್ಲಿನ್ನಿನ ಎಷ್ಟೋ ಬೇಕರಿಗಳು ನಗದನ್ನಷ್ಟೇ ಸ್ವೀಕರಿಸುವಾಗ ಇಲ್ಲಿ ಒಂದು ಮೊಳ ಮಲ್ಲಿಗೆಗೂ ಕ್ಯೂಆರ್ ಕೋಡ್ ಇದೆ. ಒಂದು, ಎರಡು ಸೆಂಟಿನ ನಾಣ್ಯಗಳನ್ನು ಹಿಂತೆಗೆದುಕೊಂಡ ಆಸ್ಟ್ರೇಲಿಯಾ, 2013ರಲ್ಲಿ ಪೆನ್ನಿಯ ವಿತರಣೆ ನಿಲ್ಲಿಸಿದ ಕೆನಡಾಗಳಲ್ಲಿ ನಗದು ಬಿಲ್ಲನ್ನು ಐದರ ಗುಣಕಕ್ಕೆ ಸರಿಹೊಂದಿಸುತ್ತಾರೆ. ನಮ್ಮಲ್ಲಿ ಚಿಲ್ಲರೆಯ ಬದಲು ಕೈಗೆ ಬೀಳುತ್ತಿದ್ದ ಚಾಕೊಲೇಟನ್ನು ಕ್ಯೂಆರ್ ಕೋಡ್ ನುಂಗಿಹಾಕಿದೆ. ಭಾರತದ ಮೊಬೈಲ್ ಸಂಖ್ಯೆಯಾಗಲಿ ಬ್ಯಾಂಕ್ ಖಾತೆಯಾಗಲಿ ಚಾಲ್ತಿಯಲ್ಲಿಲ್ಲದ ಅನಿವಾಸಿಗಳು ಹುಟ್ಟಿದ ಬೀದಿಯಲ್ಲೇ ಐನೂರರ ನೋಟು ಹಿಡಿದು ಪೇಚಾಡುತ್ತಾರೆ. ಅವರ ನೆರವಿಗೆ ಬರುವುದು ಹಳೆಯ ವ್ಯವಸ್ಥೆಯೇ: 'ಪರವಾಗಿಲ್ಲ ಬಿಡಿ, ಅಮ್ಮನ ಹತ್ರ ಇಸ್ಕೊಳ್ತೀನಿ.'

ಮರಳಿದವರನ್ನು ಗುರುತಿಸುವುದು ಕಷ್ಟವಲ್ಲ. ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದುತ್ತಾರೆ, ಬಿಲ್ ಕೇಳಿ ಪಡೆಯುತ್ತಾರೆ, ಸಾಲಿಲ್ಲದ ಕಡೆಯೂ ಸಾಲು ನಿಲ್ಲುತ್ತಾರೆ, ಹೇಳಿದ ಬೆಲೆ ಕೊಟ್ಟು ತಾಯಿಯಿಂದ ಬೈಸಿಕೊಳ್ಳುತ್ತಾರೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿಬಂದ ತಾಯಂದಿರದು ಇನ್ನೊಂದು ಬಗೆ. ಒಂದಕ್ಕೊಂದು ಉಚಿತವೆಂಬ ಅಮೆರಿಕನ್ ರಿಯಾಯಿತಿಗಳ ಕಾಲಮಾನ ಅವರಿಗೆ ಕಂಠಪಾಠ. ಅಲ್ಲಿ ದಕ್ಕದ ಚೌಕಾಸಿಯ ಬಾಕಿಯನ್ನು ಬಂದ ವಾರವೇ ಸೊಪ್ಪಿನ ಗಾಡಿಯ ಮುಂದೆ ಬಡ್ಡಿಸಹಿತ ತೀರಿಸಿಕೊಳ್ಳುತ್ತಾರೆ.

ಜುಲೈ, ಆಗಸ್ಟ್ ಬಂತೆಂದರೆ ಉಪನಗರದ ಮನೆಗಳಲ್ಲಿ ಮತ್ತೆ ಸೂಟ್‌ಕೇಸುಗಳು ಬಿಚ್ಚಿಕೊಳ್ಳುತ್ತವೆ. ಇಪ್ಪತ್ತಮೂರು ಕಿಲೊಗಳ ಮಿತಿಯೊಳಗೆ ಪ್ರೆಷರ್ ಕುಕ್ಕರ್, ಒಗ್ಗರಣೆ ಸೌಟು, ಸಾರಿನ ಪುಡಿ, ಚಟ್ನಿಪುಡಿ, ಹುರಿಗಡಲೆಗಳನ್ನು ಹೊಂದಿಸುವಲ್ಲಿ ಮನೆಮಂದಿಯೆಲ್ಲ ಕೈಜೋಡಿಸುತ್ತಾರೆ. ಆಸ್ಟ್ರೇಲಿಯಾಕ್ಕೆ ಹೊರಟವರು ತಿನ್ನುವ ಪದಾರ್ಥವೆಲ್ಲವನ್ನೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ನಮೂದಿಸಬೇಕು, ತಪ್ಪಿದರೆ ಭಾರಿ ದಂಡ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಟವರ ಪೆಟ್ಟಿಗೆಯಿಂದ ಮೊದಲು ಹೊರಬೀಳುವುದು ತುಪ್ಪದ ಡಬ್ಬಿ, ಏಕೆಂದರೆ ಹೊರಗಿನ ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ತರುವುದಕ್ಕೆ ಅಲ್ಲಿ ನಿಷೇಧವಿದೆ. ತಲುಪಿದ ಮೇಲೆ ಶನಿವಾರ ಎಂಟರೊಳಗೆ ಉಪ್ಪು ಹಾಕದ ಬೆಣ್ಣೆ ಕೊಂಡು ತಂದು, ಅಂಗಡಿಯಿಲ್ಲದ ಭಾನುವಾರ ಒಂದು ಚಿಟಿಕೆ ಮೆಂತ್ಯ ಹಾಕಿ ಕಾಯಿಸಿಕೊಂಡರಾಯಿತು.